ಮೈಕ್ರೋಸಾಫ್ಟ್‌ನ ಮಯೋರಾನಾ 1 ಚಿಪ್: ಐಡಿಯಾಗೆ 5 ಸ್ಟಾರ್, ಸಾಕ್ಷಿಗೆ 2

2025ರ ಫೆಬ್ರವರಿಯಲ್ಲಿ ಬಂದ ಈ ಕ್ವಾಂಟಂ ಕಂಪ್ಯೂಟರ್ ಚಿಪ್ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಒಳಗೆ 8 ಕ್ಯೂಬಿಟ್ (ಕ್ವಾಂಟಂ ಮಾಹಿತಿಯ ಮೂಲ ಘಟಕ). ಐಡಿಯಾ ನನಗೆ ತುಂಬಾ ಇಷ್ಟ. ಇಂಡಿಯಂ ಆರ್ಸೆನೈಡ್ ಅನ್ನುವ ಅರೆವಾಹಕದ ಮೇಲೆ ಅಲ್ಯೂಮಿನಿಯಂನ ಸಪೂರ ತಂತಿ ಕೂರಿಸಿ, ಸೊನ್ನೆ ಕೆಲ್ವಿನ್ (ಸುಮಾರು -273 ಡಿಗ್ರಿ ಸೆಲ್ಸಿಯಸ್) ಹತ್ತಿರಕ್ಕೆ ತಣಿಸಿ, ಕಾಂತಕ್ಷೇತ್ರ ಕೊಟ್ಟರೆ ತಂತಿಯ ಎರಡೂ ತುದಿಯಲ್ಲಿ ಮಯೋರಾನಾ ಮೋಡ್ (ಎಲೆಕ್ಟ್ರಾನ್‌ಗಳು ಒಟ್ಟಾಗಿ ತೋರಿಸುವ ಒಂದು ವಿಶೇಷ ಕ್ವಾಂಟಂ ಸ್ಥಿತಿ) ಹುಟ್ಟಬೇಕು. ಮಾಹಿತಿ ಎರಡೂ ತುದಿಗೆ ಹಂಚಿರುವುದರಿಂದ ಒಂದು ಕಡೆ ಹೊರಗಿನ ಅಡಚಣೆಯಾದರೆ ಸುಲಭಕ್ಕೆ ಕೆಡುವುದಿಲ್ಲ. ಎಷ್ಟು ಚೆಂದ ಅಲ್ವಾ!

ಆದರೆ ಆ ಮೋಡ್ ನಿಜಕ್ಕೂ ಹುಟ್ಟಿದೆಯಾ? ಚಿಪ್ ಜೊತೆಗೆ ನೇಚರ್ ವಿಜ್ಞಾನ ಪತ್ರಿಕೆಯಲ್ಲಿ ಬಂದ ಪ್ರಬಂಧದ ವಿಮರ್ಶೆ ಕಡತದಲ್ಲಿ, ಈ ಫಲಿತಾಂಶ ಮಯೋರಾನಾ ಮೋಡ್‌ಗೆ ಸಾಕ್ಷಿಯಲ್ಲ ಅಂತ ಸಂಪಾದಕರೇ ಬರೆದಿದ್ದಾರೆ. ಮಯೋರಾನಾ ಸಿಕ್ಕಿದೆ ಅಂತ ಮೈಕ್ರೋಸಾಫ್ಟ್ ಬೆಂಬಲದ ಡೆಲ್ಫ್ಟ್ (ನೆದರ್ಲೆಂಡ್ಸ್) ತಂಡ ಹೇಳಿದ್ದ 2018ರ ಪ್ರಬಂಧ 2021ರಲ್ಲಿ ವಾಪಸ್ ಆಗಿದ್ದು ನೆನಪಿರುವವರಿಗೆ ಅನುಮಾನ ಇನ್ನೂ ಜಾಸ್ತಿ. ಒಂದೇ ಚಿಪ್‌ನಲ್ಲಿ 10 ಲಕ್ಷ ಕ್ಯೂಬಿಟ್ ಕೂರಿಸಬಹುದು ಅನ್ನುವ ಮೈಕ್ರೋಸಾಫ್ಟ್ ಮಾತು ಆಮೇಲೆ, ಮೊದಲು ಒಂದನ್ನು ಸರಿಯಾಗಿ ತೋರಿಸಲಿ.