ಕಾರಿಗೆ ಕೆಪಾಸಿಟರ್ ಹಾಕಿಸೋರು ಸ್ವಲ್ಪ ನಿಲ್ಲಿ!

ಕಾರವಾರದ ಕಡೆ ಯಾರಾದರೂ ಕಾರಿನ ಸೌಂಡ್ ಸಿಸ್ಟಮ್‌ಗೆ ಕೆಪಾಸಿಟರ್ (ಚಾರ್ಜ್ ಕೂಡಿಟ್ಟು, ಬೇಸ್ ಬಡಿದಾಗ ಥಟ್ಟನೆ ಕೊಡೋ ಡಬ್ಬಿ) ಹಾಕಿಸೋ ಯೋಚನೆಯಲ್ಲಿದ್ದರೆ ಮೊದಲು ಇದನ್ನು ಓದಿ. ನನ್ನ 3,500 ರೂಪಾಯಿ ನೀರಿಗೆ ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಸಿದ್ದು ಆ ಅಂಗಡಿಯವನ ಮಾತು.

ನನ್ನ ಕಾರಿನ ಡಿಕ್ಕಿಯಲ್ಲಿ ಸಬ್ ವೂಫರ್ (ಬೇಸ್ ಸ್ಪೀಕರ್), ಅದನ್ನು ಓಡಿಸೋ ಆಂಪ್ ಇದೆ. ರಾತ್ರಿ ಬೇಸ್ ಬಡಿದಾಗೆಲ್ಲ ಹೆಡ್‌ಲೈಟ್ ಮಂಕಾಗುತ್ತಿತ್ತು. ಅಂಗಡಿಗೆ ಹೋದರೆ ಅವನು ಬಾನೆಟ್ ಕೂಡ ಎತ್ತಲಿಲ್ಲ. "ಕೆಪಾಸಿಟರ್ ಒಂದು ಹಾಕಿಬಿಡಿ ಮಾರಾಯ್ರೆ, ಎಲ್ಲಾ ಸರಿ ಆಗ್ತದೆ." ಬ್ಯಾಟರಿ ನೋಡಲಿಲ್ಲ, ಎಂಜಿನ್ ಓಡುವಾಗ ಕರೆಂಟ್ ಹುಟ್ಟಿಸೋ ಆಲ್ಟರ್ನೇಟರ್ ನೋಡಲಿಲ್ಲ, ಆಂಪನ್ನು ಕಾರಿನ ಬಾಡಿಗೆ ಸೇರಿಸೋ ಅರ್ಥ್ ವೈರ್ ಮುಟ್ಟಲೇ ಇಲ್ಲ. 1 ಫ್ಯಾರಡ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಅಂತ ಬರೆದಿದ್ದ, ನೀಲಿ ಅಂಕಿ ಹೊಳೆಯೋ ದೊಡ್ಡ ಡಬ್ಬಿ ತಂದ.

ಕೆಪಾಸಿಟರನ್ನು ರೆಸಿಸ್ಟರ್ ಇಲ್ಲವೇ ಬಲ್ಬ್ ಮೂಲಕ ಚಾರ್ಜ್ ಮಾಡಿಯೇ ವೈರಿಗೆ ಸೇರಿಸಬೇಕು. ಇವನು ನೇರವಾಗಿ ಇಟ್ಟ. ಪಟ್ ಅಂತ ಕಿಡಿ! "ಚಾರ್ಜ್ ಮಾಡೋದಿಲ್ವಾ?" ಅಂದೆ. ನಕ್ಕ. "ಕಿಡಿ ಬಂತಲ್ಲ ಸಾರ್, ಒರಿಜಿನಲ್ ಮಾಲಿಗೆ ಮಾತ್ರ ಹಾಗೆ ಬರೋದು." ಪಕ್ಕದಲ್ಲಿದ್ದ ಹುಡುಗನೂ ಹೌದು ಹೌದು ಅಂತ ತಲೆ ಆಡಿಸಿದ. ತಲೆ ಆಡಿಸಿದ, ನೋಡಿ!

ರಾತ್ರಿ ಲೈಟ್ ಹಾಗೇ ಮಂಕು. ಫೋನ್ ಮಾಡಿದರೆ, "ಸೆಟ್ ಆಗ್ಲಿಕ್ಕೆ ಟೈಮ್ ಬೇಕು." ಮತ್ತೆ ಮಾಡಿದರೆ, "ನಿಮ್ಮ ಬ್ಯಾಟರಿ ವೀಕು." ನೋಡದೆ ಹೇಗೆ ಗೊತ್ತಾಯ್ತು ಅಂದರೆ, "ಎಕ್ಸ್‌ಪೀರಿಯನ್ಸ್ ಸಾರ್."

ಕೊನೆಗೆ ಶಿರಸಿಯಲ್ಲಿ ಪರಿಚಯದ ಎಲೆಕ್ಟ್ರಿಷಿಯನ್‌ಗೆ ತೋರಿಸಿದೆ. ಅವರು ಡಬ್ಬಿಯನ್ನು ಕಾರಿನಿಂದ ಬಿಚ್ಚಿ, ಅದರಲ್ಲಿದ್ದ ಚಾರ್ಜ್ ಖಾಲಿ ಮಾಡಿ, ಮಧ್ಯೆ ಇಂಡಿಕೇಟರ್ ಬಲ್ಬ್ ಇಟ್ಟು ಬ್ಯಾಟರಿಗೆ ಹಿಡಿದರು. ನಿಜವಾದ 1 ಫ್ಯಾರಡ್ ಆಗಿದ್ದರೆ ಬಲ್ಬ್ ಜೋರಾಗಿ ಹೊತ್ತಿ, ಕೆಲವು ಸೆಕೆಂಡ್ ಉರಿದು, ನಿಧಾನಕ್ಕೆ ಮಂಕಾಗಿ ಆರಬೇಕು. ಇದು ಒಮ್ಮೆ ಮಿಣಕ್ ಅಂತು, ಅಷ್ಟೇ. ಮುಚ್ಚಳ ಕೊಯ್ದರೆ ಒಳಗೆ ಹೆಬ್ಬೆರಳು ಗಾತ್ರದ ಕೆಪಾಸಿಟರ್, ಉಳಿದದ್ದೆಲ್ಲ ಒಣಗಿದ ಅಂಟು. ನೀಲಿ ಅಂಕಿ? ಬರೀ ವೋಲ್ಟ್ ಮೀಟರ್. ಅವರು ನನ್ನ ಮುಖ ನೋಡಿ ನಕ್ಕರು. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಅನಿಸಿತು.

ತಮಾಷೆ ಕೇಳಿ. ಆಂಪಿನ ಅರ್ಥ್ ವೈರನ್ನು ಪೇಂಟ್ ಮೇಲೇ ಬೋಲ್ಟ್ ಮಾಡಿದ್ದರು, ಅದರ ಅಡಿಯಲ್ಲಿ ತುಕ್ಕು. ನಮ್ಮ ಸಮುದ್ರದ ಗಾಳಿ ಗೊತ್ತಲ್ಲ! ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಲೋಹ ಕಂಡ ಮೇಲೆ ಬಿಗಿದರು. ಕೆಪಾಸಿಟರ್ ಇಲ್ಲದೆಯೇ ಲೈಟ್ ಮಂಕಾಗೋದು ಮುಕ್ಕಾಲು ನಿಂತಿತು.

ಹಾಗಾಗಿ ಮೊದಲು ಅರ್ಥ್ ನೋಡಿಸಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇದೆಯಾ ಅಂತ ಮೀಟರ್ ಇಡಿಸಿ. ಆಲ್ಟರ್ನೇಟರ್ ಸೋತಿದ್ದರೆ ಕೆಪಾಸಿಟರ್ ಕರೆಂಟ್ ಹುಟ್ಟಿಸೋದಿಲ್ಲ, ಕ್ಷಣ ಹೊತ್ತು ತಡೆಯುತ್ತದೆ ಅಷ್ಟೇ. ಆದರೂ ಹಾಕಿಸೋದಾದರೆ ಬಲ್ಬ್ ಇಟ್ಟು ತೋರಿಸು ಅನ್ನಿ. ತೋರಿಸದಿದ್ದರೆ ಎದ್ದು ಬನ್ನಿ.

ಕೊಯ್ದ ಡಬ್ಬಿ ಹಿಡಿದು ಮತ್ತೆ ಅಂಗಡಿಗೆ ಹೋದೆ. "ಬಿಚ್ಚಿದ ಮಾಲು ವಾಪಸ್ ಇಲ್ಲ" ಅಂದ. ಬಿಚ್ಚದೆ ಒಳಗೆ ಬರೀ ಅಂಟು ಇದೆ ಅಂತ ಗೊತ್ತಾಗೋದು ಹೇಗೆ? ಅದಕ್ಕೆ ಉತ್ತರ ಇಲ್ಲ. "ಬಿಲ್ ತೋರಿಸಿ" ಅಂದ. ಬಿಲ್ ಕೊಡದವನೇ ಬಿಲ್ ಕೇಳ್ತಾನೆ!