ಹಕ್ಕು ಬಿಟ್ಟುಕೊಡುವ ವೆಬ್‌ಕಾಮಿಕ್‌ಗೆ ಕ್ರಿಟಾ: ಒಂದು ವರ್ಷದ ಬಳಕೆಯ ಬಳಿಕ

ಬಸ್ ನಿಲ್ದಾಣದ ಕ್ಯಾಂಟೀನೊಂದರಲ್ಲಿ ಬೀಡುಬಿಟ್ಟಿರುವ ಬೆಕ್ಕಿನ ಕಥೆಯನ್ನು ತಿಂಗಳಿಗೆ ಎರಡು ಪುಟದಂತೆ ಚಿತ್ರಿಸಿ ಅಂತರ್ಜಾಲದಲ್ಲಿ ಹಂಚಲು ತೊಡಗಿ ನನಗೆ ಒಂದು ವರ್ಷವಾಯಿತು. ಈ ಪುಟಗಳ ಕೃತಿಸ್ವಾಮ್ಯವನ್ನು ನಾನು ಉಳಿಸಿಕೊಂಡಿಲ್ಲ. ಪ್ರತಿಯೊಂದನ್ನೂ ಸಿಸಿ ಝೀರೋ ಎಂಬ, ಹಕ್ಕುಗಳನ್ನೆಲ್ಲ ಬಿಟ್ಟುಕೊಡುವ ಕ್ರಿಯೇಟಿವ್ ಕಾಮನ್ಸ್ ಘೋಷಣೆಯೊಂದಿಗೆ ಸಾರ್ವಜನಿಕ ಸ್ವತ್ತಿಗೆ ಸೇರಿಸಿದ್ದೇನೆ. ಚಿತ್ರಿಸಲು ಬಳಸಿದ್ದು ಮುಕ್ತ ತಂತ್ರಾಂಶಗಳನ್ನು ರೂಪಿಸುವ ಕೆಡಿಇ ಸಮುದಾಯದ ಚಿತ್ರಕಲಾ ತಂತ್ರಾಂಶವಾದ ಕ್ರಿಟಾದ 5.2ನೆಯ ಆವೃತ್ತಿ. ಕುಂಚಗಳ ಗುಣಗಾನ ಮಾಡುವ ವಿಮರ್ಶೆಗಳು ಸಾಕಷ್ಟಿರುವುದರಿಂದ, ಬಿಡಿಸಿದ್ದನ್ನು ಕೊಟ್ಟುಬಿಡಲೆಂದೇ ಬಿಡಿಸುವವನಿಗೆ ಇದು ಎಷ್ಟರಮಟ್ಟಿಗೆ ಒದಗಿಬರುತ್ತದೆ ಎಂಬುದನ್ನಷ್ಟೇ ಇಲ್ಲಿ ನೋಡಿದ್ದೇನೆ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ, ಏನೂ ಹೇಳದೆ ಸುಮ್ಮನಿದ್ದರೆ ಕೃತಿಕಾರ ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಹಕ್ಕು ಜೀವಂತವಾಗಿರುತ್ತದೆ. ಬೇಡವೆನ್ನುವವರು ಬಿಟ್ಟುಕೊಡಲು 21ನೆಯ ಕಲಮು ದಾರಿ ಮಾಡಿಕೊಟ್ಟಿದೆ. 2012ರ ತಿದ್ದುಪಡಿಯ ನಂತರ ಸಾರ್ವಜನಿಕ ಪ್ರಕಟಣೆಯ ಮೂಲಕವೂ ಇದನ್ನು ಮಾಡಬಹುದು. ಆದರೆ ಹಕ್ಕು ಬಿಡುವುದು ಬೇರೆ, ಕೃತಿ ಇನ್ನೊಬ್ಬರ ಕೈಗೆ ಒದಗುವಂತೆ ಮಾಡುವುದು ಬೇರೆ. ಅಕ್ಷರ, ಗೆರೆ, ಬಣ್ಣ ಎಲ್ಲವೂ ಕಲಸಿಹೋದ ಜೆಪೆಗ್ ಚಿತ್ರವನ್ನಷ್ಟೇ ಕೊಟ್ಟರೆ, ಅದನ್ನು ತುಳುವಿಗೋ ಕೊಂಕಣಿಗೋ ತರಬಯಸುವವರು ಮೊದಲು ಮಾತಿನ ಗುಳ್ಳೆಗಳೊಳಗಿನ ಕನ್ನಡವನ್ನು ಉಜ್ಜಿ ಅಳಿಸುತ್ತ ಕೂರಬೇಕಾಗುತ್ತದೆ. ಆದ್ದರಿಂದ ಅಕ್ಷರ, ಗೆರೆ, ಬಣ್ಣಗಳ ಪದರಗಳು ಒಂದರ ಮೇಲೊಂದಿಟ್ಟ ಪಾರದರ್ಶಕ ಹಾಳೆಗಳಂತೆ ಬಿಡಿಬಿಡಿಯಾಗಿರುವ ಮೂಲ ಕಡತವನ್ನೂ ಕೊಡಬೇಕು. ಫ್ರಾನ್ಸಿನ ಡೇವಿಡ್ ರೆವಾಯ್ ಕ್ರಿಟಾದಲ್ಲೇ ಚಿತ್ರಿಸುವ ತಮ್ಮ ವೆಬ್‌ಕಾಮಿಕ್‌ನ ವಿಷಯದಲ್ಲಿ ಇದನ್ನೇ ಮಾಡುತ್ತಾರೆ. ಅವರ ಪರವಾನಗಿ ಹೆಸರು ಉಲ್ಲೇಖಿಸಬೇಕೆಂದು ಕೇಳುತ್ತದೆ. ಸಿಸಿ ಝೀರೋ ಅದನ್ನೂ ಕೇಳುವುದಿಲ್ಲ.

ಕ್ರಿಟಾ ನನಗೆ ಹಿಡಿಸಿದ್ದು ಈ ಕಾರಣಕ್ಕೇ. ಅದರ ಕೆಆರ್‌ಎ ಕಡತ ಒಳಗೆ ಬರೀ ಜಿಪ್ ಕಟ್ಟು. ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಪದರಗಳ ಕಡತಗಳು, ಅವುಗಳ ಜೋಡಣೆಯನ್ನು ವಿವರಿಸುವ ಎಕ್ಸ್‌ಎಂಎಲ್ ಮತ್ತು ಇಡೀ ಪುಟದ ಪಿಎನ್‌ಜಿ ಚಿತ್ರ ಕಣ್ಣೆದುರು ಬರುತ್ತವೆ. ಮುಂದೊಂದು ದಿನ ಕ್ರಿಟಾ ಇಲ್ಲವಾದರೂ ಪುಟ ಉಳಿಯುತ್ತದೆಂಬ ನೆಮ್ಮದಿ ಚಂದಾ ಕಟ್ಟಿ ಬಳಸುವ ತಂತ್ರಾಂಶಗಳಲ್ಲಿ ನನಗೆ ಸಿಕ್ಕಿರಲಿಲ್ಲ. ಇದರ ಜೊತೆಗೇ ಬರುವ ಕಾಮಿಕ್ಸ್ ಮ್ಯಾನೇಜರ್ ಎಂಬ ಫಲಕ ಪುಟಗಳನ್ನು ಕ್ರಮವಾಗಿ ಜೋಡಿಸಿ ಸಿಬಿಝಡ್ ಹಾಗೂ ಇಪಬ್ ಎಂಬ ಇ-ಪುಸ್ತಕ ರೂಪಗಳಲ್ಲಿ ಹೊರತರುತ್ತದೆ. ಅದರೊಳಗೆ ಹೆಚ್ಚಿನವರು ಗಮನಿಸದ ಒಂದು ಆಯ್ಕೆಯಿದೆ: ಪದರಗಳಿಗೆ ಬಣ್ಣದ ಗುರುತು ಹಚ್ಚಿಟ್ಟರೆ, ಇಂಥ ಬಣ್ಣದ ಪದರಗಳನ್ನು ಕೈಬಿಟ್ಟು ರಫ್ತು ಮಾಡು ಎಂದು ಹೇಳಬಹುದು. ನಾನು ಮಾತಿನ ಪದರಗಳಿಗೆಲ್ಲ ಕೆಂಪು ಹಚ್ಚುತ್ತೇನೆ. ಒಮ್ಮೆ ಕನ್ನಡದ ಪುಟ, ಇನ್ನೊಮ್ಮೆ ಗುಳ್ಳೆಗಳು ಖಾಲಿ ಇರುವ ಪುಟ, ಎರಡೂ ಒಂದೇ ಕಡತದಿಂದ ಹೊರಬರುತ್ತವೆ.

ಚಿತ್ರಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಡುಗುವ ಕೈಯ ಗೆರೆಯನ್ನು ಸ್ಟೆಬಿಲೈಸರ್ ಹದಕ್ಕೆ ತರುತ್ತದೆ. ನೆಲದ ಹಂಚುಗಳನ್ನು ಬರೆಯುವಾಗ ಪರ್ಸ್‌ಪೆಕ್ಟಿವ್ ಸಹಾಯಕ ರೇಖೆಗಳು ಕೈ ಹಿಡಿಯುತ್ತವೆ. ಕಂಪ್ಯೂಟರಿನ ಮೆಮೊರಿಯ ಲೆಕ್ಕವನ್ನು ಮಾತ್ರ ಮೊದಲೇ ಹಾಕಿಕೊಳ್ಳುವುದು ಒಳ್ಳೆಯದು. ಎ4 ಪುಟವನ್ನು 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆಗಳು) ತೆರೆದರೆ ಅದು 2480 ಮತ್ತು 3508 ಪಿಕ್ಸೆಲ್‌ಗಳ ಹಾಳೆ, ತುಂಬಿದ ಒಂದು ಪದರಕ್ಕೆ ಸುಮಾರು 35 ಎಂಬಿ. 600 ಡಿಪಿಐ ಆದರೆ ಅದರ ನಾಲ್ಕರಷ್ಟು. ಪರದೆಯ ಮೇಲಷ್ಟೇ ಓದುವ ಪುಟಕ್ಕೆ 600 ಬೇಕಿಲ್ಲ, ಆದರೆ ಕೊಟ್ಟ ಮೇಲೆ ಯಾರು ಎಲ್ಲಿ ಮುದ್ರಿಸುತ್ತಾರೋ ಹೇಳಲಾಗದು ಎಂಬ ಆಸೆಯಿಂದ ಮೊದಲ ಮೂರು ಪುಟಗಳನ್ನು ಹಾಗೆ ಮಾಡಿದೆ. ನನ್ನ ಹಳೆಯ ಲ್ಯಾಪ್‌ಟಾಪಿನ ಫ್ಯಾನು ಕ್ಯಾಂಟೀನಿನ ಗ್ರೈಂಡರಿನಂತೆ ಕೂಗತೊಡಗಿದ ಮೇಲೆ 300ಕ್ಕೆ ಇಳಿದೆ.

ಕ್ರಿಟಾ ಹಿಂದೆ ಬೀಳುವುದು ಅಕ್ಷರ ತುಂಬುವ ಕೆಲಸದಲ್ಲಿ. 5.2ರಲ್ಲಿ ಚಿತ್ರದ ಮೇಲೆಯೇ ಬೆರಳಚ್ಚಿಸಲಾಗದು. ಬೇರೆ ಕಿಟಕಿಯಲ್ಲಿ ಬರೆದು, ಉಳಿಸಿ, ಗುಳ್ಳೆಯೊಳಗೆ ಹೇಗೆ ಕೂತಿತೆಂದು ಇಣುಕಿ, ಮತ್ತೆ ಕಿಟಕಿಗೆ ಮರಳಬೇಕು. ಕನ್ನಡಕ್ಕಂತೂ ಈ ಓಡಾಟ ಹೆಚ್ಚು. 'ಇದೇನ್ರೀ, ಇಷ್ಟೊತ್ತಿಗೇ ಬಸ್ಸು ಹೋಯ್ತಾ' ಎಂಬ ಮಾತನ್ನು ಎರಡು ಸಾಲಿಗೆ ಮುರಿದರೆ, ಮೇಲಿನ ಸಾಲಿನ ಒತ್ತಕ್ಷರಗಳು ಕೆಳಗಿನ ಸಾಲಿನ ಗುಡಿಸಿಗೆ ಬಂದು ತಾಗುತ್ತವೆ. ಇಂಗ್ಲಿಷಿಗೆ ಸಾಕಾಗುವ ಸಾಲಿನಂತರ ನಮಗೆ ಸಾಲದು, ಅಂತರ ಹೆಚ್ಚಿಸಿದರೆ ಗುಳ್ಳೆ ಉಬ್ಬಿ ಬೆಕ್ಕಿನ ಬಾಲ ಮುಚ್ಚಿಹೋಗುತ್ತದೆ. ಕೊನೆಗೆ ನಾನು ಮಾತುಗಳನ್ನು ಇಂಕ್‌ಸ್ಕೇಪ್ ಎಂಬ ಇನ್ನೊಂದು ಮುಕ್ತ ಚಿತ್ರಣ ತಂತ್ರಾಂಶದಲ್ಲಿ ಬಲೂ ತಮ್ಮ ಎಂಬ ಕನ್ನಡ ಫಾಂಟ್ ಬಳಸಿ ತುಂಬಿ, ಅಕ್ಷರಗಳನ್ನು ಮುಂದೆಯೂ ತಿದ್ದಬಹುದಾದ ಎಸ್‌ವಿಜಿ ಕಡತವಾಗಿ ಪ್ರತ್ಯೇಕವಾಗಿಯೇ ಕೊಡುತ್ತಿದ್ದೇನೆ. ಫಾಂಟು ಕಡತದೊಳಗೆ ಸೇರಿರುವುದಿಲ್ಲವಾದ್ದರಿಂದ ಅದರ ಹೆಸರನ್ನೂ ಜೊತೆಗೆ ಬರೆದಿಡಬೇಕು. ಇಲ್ಲವಾದರೆ ತೆರೆದವರ ಯಂತ್ರದಲ್ಲಿ ಬೇರಾವುದೋ ಅಕ್ಷರ ಬಂದು ಕೂರುತ್ತದೆ.

ಹಂಚುವ ಮೊದಲು ಇನ್ನೊಂದನ್ನು ನೋಡಿಕೊಳ್ಳಬೇಕು. ಕ್ರಿಟಾದ ಸೆಟ್ಟಿಂಗ್ಸ್‌ನಲ್ಲಿ ಲೇಖಕರ ವಿವರ ತುಂಬಿದ್ದರೆ ಆ ಹೆಸರು, ಸಂಪರ್ಕಗಳು ಕೆಆರ್‌ಎ ಕಡತದೊಳಗೂ ಸೇರುತ್ತವೆ. ಅನಾಮಿಕರಾಗಿ ಉಳಿಯಬಯಸುವವರು ಅನಾಮಧೇಯ ಪ್ರೊಫೈಲನ್ನೇ ಆರಿಸಿಕೊಳ್ಳುವುದು ಲೇಸು. ಕಡತ ಇಡಲು ಇಂಟರ್ನೆಟ್ ಆರ್ಕೈವ್ ಅನುಕೂಲವಾಗಿದೆ: ಮೂಲ ಕಡತಗಳನ್ನೂ ಒಪ್ಪಿಕೊಳ್ಳುತ್ತದೆ, ಏರಿಸುವಾಗಲೇ ಸಿಸಿ ಝೀರೋ ಆರಿಸಬಹುದು. ವಿಕಿಮೀಡಿಯ ಕಾಮನ್ಸ್ ಶೈಕ್ಷಣಿಕ ಉಪಯೋಗವಿರುವ ಕಡತಗಳಿಗಾಗಿ ಇರುವುದರಿಂದ ಬೆಕ್ಕಿನ ಕಟ್ಟುಕಥೆಗೆ ಅದು ಜಾಗವಲ್ಲ. ಒಂದು ಸಾಮಾಜಿಕ ಜಾಲತಾಣಕ್ಕೆ ಪುಟವನ್ನು ಹಾಗೆಯೇ ಹಾಕಿದಾಗ ಚಿತ್ರ ಕುಗ್ಗಿ, ಒತ್ತಕ್ಷರಗಳೆಲ್ಲ ಮಸಿಯ ಚುಕ್ಕೆಗಳಾದವು. ಈಗ ಅಲ್ಲಿಗೆ ಒಂದೊಂದೇ ಚೌಕಟ್ಟನ್ನು ಕತ್ತರಿಸಿ ಹಾಕಿ, ಪೂರ್ತಿ ಪುಟದ ಕೊಂಡಿ ಕೊಡುತ್ತೇನೆ.

ಕ್ರಿಟಾವನ್ನು ಅದರ ತಾಣದಿಂದ ಇಳಿಸಿಕೊಳ್ಳಲು ದುಡ್ಡಿಲ್ಲ. ಬೆಂಬಲಿಸಬಯಸುವವರು ಸ್ಟೀಮ್‌ನಲ್ಲಿ ಕೊಂಡುಕೊಳ್ಳಬಹುದು. ಸ್ವೀಡಿಷ್‌ನಲ್ಲಿ ಕ್ರಿಟಾ ಎಂದರೆ ಬಣ್ಣದ ಕಡ್ಡಿ. ಮಹಾಭಾರತದ 'ಕೃತ' ಶಬ್ದದ ನೆರಳೂ ಆ ಹೆಸರಿನ ಮೇಲೆ ಬಿದ್ದಿದೆಯಂತೆ. ಅಕ್ಷರದ ಕಿಟಕಿಯೊಡನೆ ಗುದ್ದಾಡುವಾಗ ಕೃತಯುಗ ನೆನಪಾಗುವುದು ಕಷ್ಟ, ಆದರೂ ಚಿತ್ರಣಕ್ಕೆ ಇದನ್ನೇ ಆರಿಸಿ, ಮಾತಿಗೆ ಇಂಕ್‌ಸ್ಕೇಪನ್ನು ಜೊತೆಗಿಟ್ಟುಕೊಳ್ಳಿ ಎಂದೇ ಹೇಳುತ್ತೇನೆ.

ಕಳೆದ ತಿಂಗಳು ಯಾರೋ ಏಳನೆಯ ಪುಟವನ್ನು ತುಳುವಿಗೆ ತಂದಿದ್ದರು. ಗುಳ್ಳೆಗಳಲ್ಲಿ ಅವರಿಗೆ ತೊಂದರೆಯಾದಂತೆ ಕಾಣಲಿಲ್ಲ. ಕ್ಯಾಂಟೀನಿನ ಬೆಲೆಪಟ್ಟಿಯನ್ನು ಮಾತ್ರ ನಾನು ಪ್ರತ್ಯೇಕ ಪದರ ಮಾಡದೆ ಗೋಡೆಯ ಮೇಲೆಯೇ ಬರೆದುಬಿಟ್ಟಿದ್ದೆ. ಅವರು ಆ ಗೋಡೆಯನ್ನೇ ಹೊಸದಾಗಿ ಬಿಡಿಸಿ, ಪಟ್ಟಿಯ ಕೊನೆಯಲ್ಲಿ ನೀರ್ ದೋಸೆಯನ್ನೂ ಸೇರಿಸಿದ್ದರು.