ಲಿನಕ್ಸ್ ಮತ್ತು ವಿಂಡೋಸ್ ನಡುವೆ: ಫೈಲಿಗೆ ಸಾಂಬಾ, ಪ್ರಿಂಟರಿಗೆ ಐಪಿಪಿ

ನನ್ನ ಹತ್ತಿರ ಎರಡು ಕಂಪ್ಯೂಟರ್‌ಗಳಿವೆ. ಒಂದರಲ್ಲಿ ಡೆಬಿಯನ್ ಎಂಬ ಲಿನಕ್ಸ್, ಇನ್ನೊಂದರಲ್ಲಿ ವಿಂಡೋಸ್ 11. ಫೈಲುಗಳೂ ಪ್ರಿಂಟರೂ ಇರುವುದು ಡೆಬಿಯನ್ ಕಡೆ. ಬಹಳ ದಿನ ಪೆನ್‌ಡ್ರೈವ್‌ನಲ್ಲೇ ಓಡಾಡಿಸಿದೆ. ಒಮ್ಮೆ ಹಳೆಯ ಪ್ರತಿಯನ್ನೇ ಹೊಸದೆಂದುಕೊಂಡು ಅರ್ಧ ದಿನ ತಿದ್ದಿದ ಮೇಲೆ ಸಾಕೆನಿಸಿತು. ಸಾಂಬಾ, ಎನ್‌ಎಫ್‌ಎಸ್, ಎಸ್‌ಎಫ್‌ಟಿಪಿ ಎಂಬ, ನೆಟ್‌ವರ್ಕ್ ಮೂಲಕ ಫೈಲ್ ಸಾಗಿಸುವ ಮೂರು ವಿಧಾನಗಳನ್ನೂ ಒಂದೊಂದಾಗಿ ಹಾಕಿಕೊಂಡು ನಿತ್ಯದ ಕೆಲಸಕ್ಕೆ ಬಳಸಿ ನೋಡಿದೆ.

ಎನ್‌ಎಫ್‌ಎಸ್ ಮೊದಲು ಬಿಟ್ಟುಹೋಯಿತು. ಎರಡೂ ಕಡೆ ಲಿನಕ್ಸ್ ಇದ್ದರೆ ಅದರಷ್ಟು ಸುಲಭ ಇನ್ನೊಂದಿಲ್ಲ. ಆದರೆ ವಿಂಡೋಸ್ ಹೋಮ್ ಆವೃತ್ತಿಯಲ್ಲಿ ಅದರ ಕ್ಲೈಂಟೇ ಇಲ್ಲ; ಪ್ರೊ ಇದ್ದರೆ ಬೇರೆಯಾಗಿ ಆನ್ ಮಾಡಿಕೊಳ್ಳಬೇಕು. ಬಳಕೆದಾರ ಯಾರೆಂದು ಅದು ಗುರುತಿಸುವುದು ಲಿನಕ್ಸ್‌ನ ಯೂಸರ್ ಸಂಖ್ಯೆಯಿಂದ. ವಿಂಡೋಸ್ ಬಳಕೆದಾರನಿಗೆ ಅಂಥ ಸಂಖ್ಯೆ ಇಲ್ಲ. ಹಾಗಾಗಿ ಅವನು ಅನಾಮಿಕನಾಗಿ ಬರುತ್ತಾನೆ, ಬರೆಯಲು ಹೋದರೆ ಅನುಮತಿ ಸಿಗುವುದಿಲ್ಲ. ಅದಕ್ಕಾಗಿ ವಿಂಡೋಸ್‌ನ ಒಳಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಗೆ ಕೈಹಾಕಲು ನನಗೆ ಮನಸ್ಸಾಗಲಿಲ್ಲ.

ಎಸ್‌ಎಫ್‌ಟಿಪಿಗೆ ಡೆಬಿಯನ್‌ನಲ್ಲಿ ಎಸ್‌ಎಸ್‌ಎಚ್ ಸರ್ವರ್, ವಿಂಡೋಸ್‌ನಲ್ಲಿ ಫೈಲ್ ಸಾಗಿಸುವ ವಿನ್‌ಎಸ್‌ಸಿಪಿ ತಂತ್ರಾಂಶ, ಇಷ್ಟೇ ಸಾಕು. ಹತ್ತು ನಿಮಿಷದ ಕೆಲಸ. ಸಾಗುವುದೆಲ್ಲ ಎನ್‌ಕ್ರಿಪ್ಟ್ ಆಗಿಯೇ ಸಾಗುತ್ತದೆ. ದಿನಕ್ಕೆ ನಾಲ್ಕು ಫೈಲ್ ಸಾಗಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಫೈಲನ್ನು ಅಲ್ಲೇ ತೆರೆದು ತಿದ್ದಲು ಹೋದರೆ ಅದು ಮೊದಲು ತಾತ್ಕಾಲಿಕ ಪ್ರತಿ ಇಳಿಸಿಕೊಳ್ಳುತ್ತದೆ, ಸೇವ್ ಮಾಡಿದಾಗ ಮತ್ತೆ ಏರಿಸುತ್ತದೆ. ನಾನು ಓಡಿಹೋಗಬೇಕೆಂದಿದ್ದ ‘ಎರಡು ಪ್ರತಿ’ಯ ಕಾಟ ಇಲ್ಲೂ ಬಂತು.

ಉಳಿದದ್ದು ಸಾಂಬಾ. ವಿಂಡೋಸ್ ತನ್ನವರೊಡನೆ ಆಡುವ ಎಸ್‌ಎಂಬಿ ಭಾಷೆಯನ್ನೇ ಇದು ಆಡುತ್ತದೆ. ಆಂಡ್ರ್ಯೂ ಟ್ರಿಡ್ಜೆಲ್ ಅವರು 1990ರ ದಶಕದ ಆರಂಭದಲ್ಲಿ ಆಸ್ಟ್ರೇಲಿಯಾದಲ್ಲಿ ಇದನ್ನು ಶುರುಮಾಡಿದರು. ಎಸ್, ಎಂ, ಬಿ ಅಕ್ಷರಗಳಿರುವ ಪದವನ್ನು ಪದಪಟ್ಟಿಯಲ್ಲಿ ಹುಡುಕಿ ಹೆಸರಿಟ್ಟರು. ವಿಂಡೋಸ್‌ನಲ್ಲಿ ಹಂಚಿದ ಫೋಲ್ಡರ್ ಝಡ್ ಡ್ರೈವ್ ಆಗಿ ಕೂರುತ್ತದೆ. ತೆರೆದದ್ದು, ತಿದ್ದಿದ್ದು ಎಲ್ಲ ಒಂದೇ ಫೈಲಿನಲ್ಲಿ. ಗಿಗಾಬಿಟ್ ತಂತಿಯ ಮಿತಿಯೇ ಸೆಕೆಂಡಿಗೆ 125 ಮೆಗಾಬೈಟ್. ದೊಡ್ಡ ಫೈಲುಗಳಲ್ಲಿ ಸಾಂಬಾ ಅದರ ಸಮೀಪಕ್ಕೇ ಹೋಗುತ್ತದೆ. ಸಾವಿರಾರು ಪುಟ್ಟ ಫೈಲುಗಳಿದ್ದರೆ ಮಾತ್ರ ತೆವಳುತ್ತದೆ. ಅಂಥವನ್ನು ಜಿಪ್ ಮಾಡಿ ಕಳಿಸುವುದೇ ಲೇಸು.

ಎಡವುವ ಜಾಗಗಳಿವೆ. ಲಿನಕ್ಸ್ ಪಾಸ್‌ವರ್ಡ್ ಸರಿಯಾಗಿ ಕೊಟ್ಟರೂ ಮೊದಲ ದಿನ ಒಳಗೆ ಬಿಡಲಿಲ್ಲ. ಸಾಂಬಾ ತನ್ನ ಪಾಸ್‌ವರ್ಡನ್ನು ಬೇರೆ ಇಟ್ಟುಕೊಳ್ಳುತ್ತದೆ. ಅದನ್ನು ಎಸ್‌ಎಂಬಿಪಾಸ್‌ಡಬ್ಲ್ಯೂಡಿ ಎಂಬ ಕಮಾಂಡಿನಿಂದ ಸೇರಿಸಬೇಕು. ಅದಾದ ಮೇಲೂ ಬರೆಯಲಾಗದಿದ್ದರೆ ಆ ಫೋಲ್ಡರಿನ ಲಿನಕ್ಸ್ ಅನುಮತಿಯನ್ನು ನೋಡಿ: ಸಾಂಬಾ ಹೂಂ ಅಂದರೂ ಲಿನಕ್ಸ್ ಊಹೂಂ ಅಂದರೆ ಕೆಲಸ ಆಗದು. ‘ನೆಟ್‌ವರ್ಕ್’ ಕಿಟಕಿಯಲ್ಲಿ ಡೆಬಿಯನ್ ಹೆಸರು ಕಾಣದಿದ್ದರೆ ಆ ಹೆಸರನ್ನು ವಿಂಡೋಸ್‌ಗೆ ತೋರಿಸುವ ಡಬ್ಲ್ಯೂಎಸ್‌ಡಿಡಿ ತಂತ್ರಾಂಶವನ್ನು ಡೆಬಿಯನ್‌ನಲ್ಲಿ ಹಾಕಿಕೊಳ್ಳಬೇಕು, ಇಲ್ಲವೇ ಐಪಿ ವಿಳಾಸವನ್ನು ನೇರವಾಗಿ ಟೈಪಿಸಬೇಕು. ಇಂಥ ಕಡೆ ಹಳೆಯ ಸಲಹೆಗಳು ಎಸ್‌ಎಂಬಿಯ ಹಳೆಯ ಆವೃತ್ತಿಯಾದ ಎಸ್‌ಎಂಬಿ 1 ಆನ್ ಮಾಡಿ ಅನ್ನುತ್ತವೆ. ದಯವಿಟ್ಟು ಮಾಡಬೇಡಿ. 2017ರಲ್ಲಿ ಫೈಲುಗಳನ್ನು ಒತ್ತೆಯಿಟ್ಟು ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ಹಬ್ಬಿದ್ದು ವಿಂಡೋಸ್‌ನ ಎಸ್‌ಎಂಬಿ 1ರಲ್ಲಿದ್ದ ಬಿರುಕಿನಿಂದಲೇ.

ಪ್ರಿಂಟರ್ ವಿಷಯದಲ್ಲಿ ತೀರ್ಪು ತಿರುಗಿತು. ಫೈಲಿಗೆ ಹೇಗೂ ಸಾಂಬಾ ಇದೆಯಲ್ಲ ಎಂದು ಪ್ರಿಂಟರನ್ನೂ ಅದರಲ್ಲೇ ಹಂಚಿದೆ. ಒಂದು ಸಂಜೆ ಪೂರ್ತಿ ಹೋಯಿತು. ಈ ದಾರಿಯಲ್ಲಿ ಆ ಪ್ರಿಂಟರಿನದೇ ಡ್ರೈವರ್ ವಿಂಡೋಸ್‌ನಲ್ಲಿ ಬೇಕು. 2021ರಲ್ಲಿ ವಿಂಡೋಸ್‌ನ ಮುದ್ರಣ ಸೇವೆಯಲ್ಲಿ ಬಯಲಾದ ಪ್ರಿಂಟ್‌ನೈಟ್‌ಮೇರ್ ಎಂಬ ಬಿರುಕಿನ ಗಂಡಾಂತರದ ನಂತರ ಹಂಚಿದ ಪ್ರಿಂಟರಿನ ಡ್ರೈವರ್ ಹಾಕಲು ವಿಂಡೋಸ್ ಅಡ್ಮಿನ್ ಅನುಮತಿ ಕೇಳುತ್ತದೆ. ಜೊತೆಗೆ ವಿಂಡೋಸ್ ಒಮ್ಮೆ ಪ್ರಿಂಟರ್ ಭಾಷೆಗೆ ಬದಲಿಸಿ ಕಳಿಸಿದ್ದನ್ನು ಡೆಬಿಯನ್‌ನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಮತ್ತೆ ಮುಟ್ಟದಂತೆ ನೋಡಿಕೊಳ್ಳಬೇಕು.

ಐಪಿಪಿ ಎಂದರೆ ನೆಟ್‌ವರ್ಕ್ ಮೂಲಕ ಮುದ್ರಿಸಲೆಂದೇ ಇರುವ ಭಾಷೆ. ಅದರಲ್ಲಿ ಸಾಂಬಾದ ಹಂಗೇ ಇಲ್ಲ. ಕಪ್ಸ್‌ನಲ್ಲಿ ಪ್ರಿಂಟರನ್ನು ಹಂಚಲು ಟಿಕ್ ಹಾಕಿದೆ, ಫೈರ್‌ವಾಲ್‌ನಲ್ಲಿ 631ನೇ ಪೋರ್ಟ್ ತೆರೆದೆ. ವಿಂಡೋಸ್‌ನಲ್ಲಿ ಪ್ರಿಂಟರ್ ಸೇರಿಸುವಾಗ ಪಟ್ಟಿಯನ್ನು ನಂಬದೆ, ಡೆಬಿಯನ್‌ನ ಐಪಿ, 631, ಕಪ್ಸ್‌ನಲ್ಲಿರುವ ಪ್ರಿಂಟರಿನ ಹೆಸರು ಇಷ್ಟನ್ನೂ ಸೇರಿಸಿ ವಿಳಾಸವಾಗಿ ಕೊಟ್ಟೆ. ವಿಂಡೋಸ್ ತನ್ನಲ್ಲೇ ಇದ್ದ ಸಾಮಾನ್ಯ ಐಪಿಪಿ ಡ್ರೈವರ್ ಹಾಕಿಕೊಂಡಿತು, ಪುಟ ಹೊರಬಂತು. ಪ್ರಿಂಟರಿಗೆ ತಕ್ಕಂತೆ ಬದಲಿಸುವ ಕೆಲಸವೆಲ್ಲ ಡೆಬಿಯನ್‌ನದು. ತಯಾರಕರು ಕೈಬಿಟ್ಟ ಹಳೆಯ ಪ್ರಿಂಟರ್ ಇಟ್ಟುಕೊಂಡವರಿಗೆ ಇದು ದೊಡ್ಡ ಆಸರೆ. ಡ್ರೈವರಿನ ವಿಶೇಷ ಆಯ್ಕೆಗಳಲ್ಲಿ ಕೆಲವು ಕಾಣದೆ ಹೋಗಬಹುದು, ಅದೊಂದು ಕೊರತೆ. ಪ್ರಿಂಟರಿಗೇ ವೈಫೈ ಇದ್ದರೆ ಹಂಚುವ ಗೋಜೇ ಬೇಡ, ಎರಡು ಕಂಪ್ಯೂಟರನ್ನೂ ನೇರ ಜೋಡಿಸಿ.

ಝಡ್ ಡ್ರೈವ್, ಪ್ರಿಂಟರ್ ಎರಡನ್ನೂ ನಾನು ಐಪಿ ವಿಳಾಸದಿಂದಲೇ ಜೋಡಿಸಿದ್ದರಿಂದ, ರೂಟರ್ ಡೆಬಿಯನ್‌ಗೆ ಬೇರೆ ವಿಳಾಸ ಕೊಟ್ಟ ದಿನ ಎರಡೂ ಒಟ್ಟಿಗೆ ಮಾಯವಾದವು. ರೂಟರಿನ ಸೆಟ್ಟಿಂಗ್‌ನಲ್ಲಿ ಆ ವಿಳಾಸವನ್ನು ಡೆಬಿಯನ್‌ಗೇ ಕಾಯ್ದಿರಿಸುವ ಕೆಲಸವನ್ನು ಎಲ್ಲಕ್ಕಿಂತ ಮೊದಲೇ ಮುಗಿಸಿಕೊಳ್ಳಿ.